ಫ್ಲಶ್ ಟ್ಯಾಂಕ್ ತುಂಬುತ್ತಲೇ ಇದ್ದರೆ ಅದು ಊರಿನ ನೀರಿನ ಪ್ರಶ್ನೆ

ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾಯ್ಲೆಟ್ ಬಾಗಿಲ ಹತ್ತಿರ ಒಂದು ನಿಮಿಷ ನಿಂತು ಕಿವಿಗೊಟ್ಟು ನೋಡಿ. ಯಾರೂ ಒಳಗೆ ಹೋಗಿಲ್ಲ, ಯಾರೂ ಫ್ಲಶ್ ಮಾಡಿಲ್ಲ. ಆದರೂ ಸಣ್ಣಗೆ ‘ಸ್ಸ್’ ಎನ್ನುವ ಸದ್ದು ಕೇಳಿಸಿದರೆ, ಅಥವಾ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಟ್ಯಾಂಕ್ ತನ್ನಷ್ಟಕ್ಕೇ ತುಂಬಿಕೊಂಡರೆ, ನಿಮ್ಮ ಮನೆಯ ನೀರು ಸೋರಿಹೋಗುತ್ತಿದೆ ಎಂದೇ ಅರ್ಥ. ಅಡುಗೆಮನೆಯ ನಲ್ಲಿ ಸೋರಿದರೆ ಕಣ್ಣಿಗೆ ಕಾಣುತ್ತದೆ, ನೆಲ ಒದ್ದೆಯಾಗುತ್ತದೆ, ಮನೆಯಲ್ಲಿ ಯಾರಾದರೂ ಬೈಯುತ್ತಾರೆ. ಫ್ಲಶ್ ಟ್ಯಾಂಕ್ ಸೋರಿದರೆ ಯಾವ ಗುರುತೂ ಉಳಿಯುವುದಿಲ್ಲ. ಟ್ಯಾಂಕಿನಿಂದ ಕಮೋಡಿಗೆ, ಕಮೋಡಿನಿಂದ ಗುಂಡಿಗೋ ಚರಂಡಿಗೋ ನೀರು ನೇರವಾಗಿ ಇಳಿದು ಹೋಗುತ್ತದೆ.

ಇಷ್ಟು ಸಣ್ಣ ರಿಪೇರಿಗೆ ಒಂದು ಲೇಖನ ಬೇಕೇ ಎಂದು ನೀವು ಕೇಳಬಹುದು. ಬೇಕು ಎಂಬುದು ನನ್ನ ಅಭಿಪ್ರಾಯ. ನೀರಿನ ಮಾತು ಬಂದಾಗೆಲ್ಲ ನಾವು ಅಣೆಕಟ್ಟು, ಕೊಳವೆಬಾವಿ, ಟ್ಯಾಂಕರ್, ಮಳೆ ಎಂದು ಮನೆಯ ಹೊರಗಿನ ಸಂಗತಿಗಳನ್ನೇ ಮಾತಾಡುತ್ತೇವೆ. ಮನೆಯೊಳಗೆ ಹತ್ತಾರು ರೂಪಾಯಿಯ ಒಂದು ರಬ್ಬರ್ ವಾಷರ್ ಹಾಳಾಗಿ ದಿನಕ್ಕೆ ನೂರಾರು ಲೀಟರ್ ನೀರು ಹೋಗುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆ ವಾಷರ್ ಬದಲಿಸಲು ಬಲ್ಲವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರಬೇಕು. ಬೇಸಿಗೆಗೆ ಮುಂಚೆ ಪ್ರತಿ ಪಂಚಾಯಿತಿಯೂ ಒಮ್ಮೆ ಈ ಸೋರಿಕೆಯನ್ನು ಹುಡುಕಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

ಒಂದು ಲೋಟದ ಲೆಕ್ಕ

ಮೊದಲು ಲೆಕ್ಕ ನೋಡೋಣ. ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರು ಸೋರುತ್ತಿದೆ ಎಂದುಕೊಳ್ಳಿ. ಕಮೋಡಿನ ಒಳಗೋಡೆಯ ಮೇಲೆ ತೆಳ್ಳಗೆ ಇಳಿಯುವ ಇಷ್ಟು ನೀರು ಗಮನಿಸದವರ ಕಣ್ಣಿಗೆ ಬೀಳುವುದೂ ಇಲ್ಲ. ಗಂಟೆಗೆ ಅದು 12 ಲೀಟರ್ ಆಯಿತು. ದಿನಕ್ಕೆ 288 ಲೀಟರ್, ತಿಂಗಳಿಗೆ 8,640 ಲೀಟರ್.

ಜಲ ಜೀವನ ಮಿಷನ್, ಅಂದರೆ ನಮ್ಮ ರಾಜ್ಯದ ‘ಮನೆ ಮನೆಗೆ ಗಂಗೆ’ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ ಕೊಡಬೇಕಾದ ನೀರು 55 ಲೀಟರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಎಲ್ಲಕ್ಕೂ ಸೇರಿ ಇಷ್ಟು. ಒಂದು ಫ್ಲಶ್ ಟ್ಯಾಂಕ್ ಹೀಗೆ ಸೋರಿದರೆ ಐದು ಜನರ ಪಾಲಿನ ನೀರನ್ನು ಅದೊಂದೇ ಕುಡಿದುಬಿಡುತ್ತದೆ. ನಾಲ್ಕು ಜನರ ಮನೆಯಾದರೆ ಮನೆಗೆ ಬರುವ ನೀರಿಗಿಂತ ಸೋರುವ ನೀರೇ ಹೆಚ್ಚಾಯಿತು.

ಒಂದು ಊರಿನಲ್ಲಿ 400 ಮನೆ ಇವೆ, ಅದರಲ್ಲಿ 40 ಮನೆಗಳಲ್ಲಿ ಮಾತ್ರ ಇಂಥ ಸೋರಿಕೆ ಇದೆ ಎಂದಿಟ್ಟುಕೊಳ್ಳಿ. ದಿನಕ್ಕೆ 11,520 ಲೀಟರ್ ಹೋಯಿತು. 5,000 ಲೀಟರ್‌ನ ಎರಡು ಟ್ಯಾಂಕರ್ ತುಂಬಿ ಇನ್ನೂ ಮಿಗುವಷ್ಟು ನೀರು ಇದು. ಏಪ್ರಿಲ್ ತಿಂಗಳಲ್ಲಿ ಅದೇ ಎರಡು ಟ್ಯಾಂಕರ್ ನೀರಿಗಾಗಿ ನಾವು ಪಂಚಾಯಿತಿ ಬಾಗಿಲಲ್ಲಿ ನಿಂತಿರುತ್ತೇವೆ.

ತುಂಬೆಯಿಂದ ಕಾವೂರಿಗೆ

ನಾನೀಗ ಇರುವುದು ಮಂಗಳೂರಿನ ಕಾವೂರಿನಲ್ಲಿ, ಬಾಡಿಗೆ ಮನೆಯಲ್ಲಿ. ಕೂಳೂರಿನಿಂದ ಬೊಂದೇಲ್ ಕಡೆಗೆ, ವಿಮಾನ ನಿಲ್ದಾಣದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಊರು ಇದು. ಮಂಗಳೂರಿನವರಿಗೆ ಇಲ್ಲಿನ ಮಹಾಲಿಂಗೇಶ್ವರ ದೇವಸ್ಥಾನ ಗೊತ್ತು, ಕೆರೆ ಗೊತ್ತು. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಸಂಗತಿ ಎಂದರೆ ಮಂಗಳೂರು ನಗರದ ಕೊಳಚೆ ನೀರನ್ನು ಶುದ್ಧ ಮಾಡುವ ದೊಡ್ಡ ಘಟಕ ಇರುವುದೂ ಕಾವೂರಿನಲ್ಲೇ. ದಿನಕ್ಕೆ 43.5 ದಶಲಕ್ಷ ಲೀಟರ್ ಕೊಳಚೆ ನೀರನ್ನು ಸಂಸ್ಕರಿಸುವ ಸಾಮರ್ಥ್ಯ ಇದಕ್ಕಿದೆ. ಬಜಾಲ್, ಸುರತ್ಕಲ್, ಜಪ್ಪಿನಮೊಗರುಗಳಲ್ಲೂ ಇಂಥ ಘಟಕಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕಾವೂರಿನದು.

ಈಗ ನೀರಿನ ದಾರಿ ನೋಡಿ. ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟೆಯಿಂದ ಮಂಗಳೂರಿಗೆ ದಿನಕ್ಕೆ ಸುಮಾರು 160 ದಶಲಕ್ಷ ಲೀಟರ್ ನೀರು ಬರುತ್ತದೆ. ಅದನ್ನು ಪಂಪ್ ಮಾಡಿ ಎತ್ತಬೇಕು, ಸೋಸಬೇಕು, ಕ್ಲೋರಿನ್ ಹಾಕಬೇಕು, ಗುಡ್ಡದ ಮೇಲಿನ ಟ್ಯಾಂಕುಗಳಿಗೆ ಮತ್ತೆ ಎತ್ತಬೇಕು. ಮನೆಗೆ ಬಂದ ಮೇಲೆ ನಾವು ನಮ್ಮ ಪಂಪಿನಿಂದ ತಾರಸಿಗೆ ಎತ್ತುತ್ತೇವೆ. ಅಲ್ಲಿಂದ ಫ್ಲಶ್ ಟ್ಯಾಂಕಿಗೆ ಇಳಿದು, ಹರಿದ ವಾಷರ್ ಸಂದಿಯಿಂದ ಯಾರ ಕೆಲಸಕ್ಕೂ ಬಾರದೆ ಚರಂಡಿಗೆ ಸೇರುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಆ ಶುದ್ಧ ನೀರು ಒಳಚರಂಡಿಯಲ್ಲಿ ಕೊಳಕು ನೀರಿನ ಜೊತೆ ಬೆರೆತು ತಾನೂ ಕೊಳಕಾಗಿ, ಮತ್ತೆ ಪಂಪ್ ಆಗಿ ಸಂಸ್ಕರಣಾ ಘಟಕ ಮುಟ್ಟುತ್ತದೆ. ಅಲ್ಲಿ ಅದನ್ನು ಇನ್ನೊಮ್ಮೆ ಶುದ್ಧ ಮಾಡಬೇಕು. ಕುಡಿಯಲು ಯೋಗ್ಯವಾದ ನೀರನ್ನು ಯಾರೂ ಕುಡಿಯದೆ, ಯಾರೂ ಕೈ ತೊಳೆಯದೆ, ಎರಡು ಸಲ ಶುದ್ಧ ಮಾಡುವ ಖರ್ಚು ಇದು.

ಇದೇ ಮಂಗಳೂರಿನಲ್ಲಿ 2019ರ ಬೇಸಿಗೆಯಲ್ಲಿ ತುಂಬೆಯ ನೀರಿನ ಮಟ್ಟ ಇಳಿದು ಸರದಿ ಮೇಲೆ ನೀರು ಬಿಟ್ಟರು. 2023ರ ಮೇ ತಿಂಗಳಲ್ಲೂ ಹಾಗೇ ಆಯಿತು. ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಬೇಸಿಗೆಯ ಕೊನೆಗೆ ಬಕೆಟ್ ಸಾಲು ನಿಲ್ಲುತ್ತದೆ. ನಮ್ಮಲ್ಲಿ ಮಳೆ ನಾಲ್ಕು ತಿಂಗಳು ಸುರಿದು ಸಮುದ್ರ ಸೇರುತ್ತದೆ, ಉಳಿದ ಎಂಟು ತಿಂಗಳು ಕೂಡಿಟ್ಟ ನೀರಿನಲ್ಲಿ ಬದುಕಬೇಕು. ಕೂಡಿಟ್ಟ ನೀರಿನಲ್ಲಿ ಬದುಕುವವರಿಗೆ ಸಣ್ಣ ತೂತೂ ದೊಡ್ಡದೇ.

ಹಳ್ಳಿಯಲ್ಲಿ ಇನ್ನೂ ಅಪಾಯ

ಇದು ಪೇಟೆಯವರ ಗೋಳು, ನಮಗೇನು ಎನ್ನಬೇಡಿ. ಪೇಟೆಯಲ್ಲಿ ಸೋರಿದ ನೀರು ಒಳಚರಂಡಿಗೆ ಹೋಗುತ್ತದೆ. ಹಳ್ಳಿಯಲ್ಲಿ ಅದು ಹೋಗುವುದು ನಿಮ್ಮ ಹಿತ್ತಲ ಗುಂಡಿಗೆ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಹಳ್ಳಿಗಳಲ್ಲಿ ಕಟ್ಟಿದ ಶೌಚಾಲಯಗಳಿಗೆ ಎರಡು ಇಂಗುಗುಂಡಿಗಳ ಪದ್ಧತಿಯನ್ನು ಸರ್ಕಾರ ಹೇಳಿಕೊಟ್ಟಿತು. ಒಂದು ಗುಂಡಿ ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸುವುದು, ಮೊದಲನೆಯದು ಒಣಗಿ ಗೊಬ್ಬರವಾಗಲು ಬಿಡುವುದು. ಈ ಗುಂಡಿಗಳನ್ನು ಲೆಕ್ಕ ಹಾಕಿದ್ದು ಚೆಂಬಿನಲ್ಲೋ ಮಗ್ಗಿನಲ್ಲೋ ನೀರು ಹೊಯ್ಯುವ ಮನೆಗಳಿಗೆ. ಇಳಿಜಾರು ಹೆಚ್ಚಿರುವ ಆ ಗ್ರಾಮೀಣ ಪ್ಯಾನಿಗೆ ಒಂದು ಸಲಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕು. ಐದು ಜನರ ಮನೆಯಿಂದ ದಿನಕ್ಕೆ 50 ಲೀಟರ್ ಗುಂಡಿಗೆ ಹೋದರೆ ಮಣ್ಣು ಅದನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಆ ಗುಂಡಿಗೆ ಹಗಲೂ ರಾತ್ರಿ ಸೋರುವ 288 ಲೀಟರ್ ಹೆಚ್ಚಿಗೆ ಹೋದರೆ ಏನಾಗಬಹುದು?

ಗುಂಡಿ ಒಣಗುವುದೇ ಇಲ್ಲ. ಬೇಗ ತುಂಬುತ್ತದೆ, ವಾಸನೆ ಬರುತ್ತದೆ, ಮಳೆಗಾಲದಲ್ಲಿ ಪ್ಯಾನಿನಲ್ಲಿ ನೀರು ಹಿಂದಕ್ಕೆ ಬಂದು ನಿಲ್ಲುತ್ತದೆ. ಗುಂಡಿ ಸಣ್ಣದಾಯಿತು ಎಂದು ನಾವು ಮೇಸ್ತ್ರಿಯನ್ನು ಬೈಯುತ್ತೇವೆ, ಸಕ್ಕಿಂಗ್ ಗಾಡಿಗೆ ಫೋನ್ ಮಾಡುತ್ತೇವೆ, ಸಾವಿರಗಟ್ಟಲೆ ಕೊಡುತ್ತೇವೆ. ಟ್ಯಾಂಕಿನ ಮುಚ್ಚಳ ತೆಗೆದು ನೋಡುವುದು ಯಾರಿಗೂ ಹೊಳೆಯುವುದಿಲ್ಲ.

ಕರಾವಳಿಯಲ್ಲಿ ಇದರ ಜೊತೆಗೆ ಬಾವಿಯ ಚಿಂತೆಯೂ ಇದೆ. ನಮ್ಮಲ್ಲಿ ಪ್ರತಿ ಹಿತ್ತಲಿನಲ್ಲೂ ಬಾವಿ, ನೆಲ ಮುರಕಲ್ಲಿನದು, ಸಂದಿಗೊಂದಿಗಳಿಂದ ನೀರು ಬೇಗ ಹರಿಯುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬರುತ್ತದೆ. ಇಂಗುಗುಂಡಿಯಿಂದ ಬಾವಿ ಕನಿಷ್ಠ 10 ಮೀಟರ್ ದೂರ ಇರಲಿ ಎಂದು ಹೇಳುವುದು ಇದಕ್ಕೇ. ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗದ ಮನೆಗಳಲ್ಲಿ ಆ ದೂರ ಸಿಗುವುದು ಕಷ್ಟ. ನಿಮ್ಮ ಗುಂಡಿ ನಿಮ್ಮ ಬಾವಿಯಿಂದ ದೂರ ಇದ್ದರೂ ಪಕ್ಕದ ಮನೆಯವರ ಬಾವಿಗೆ ಹತ್ತಿರ ಇರಬಹುದು. ಗುಂಡಿಗೆ ನೀರು ಹೆಚ್ಚಿದಷ್ಟೂ ಕೊಳಕು ದೂರ ಹರಿಯುತ್ತದೆ. ಹಾಗಾಗಿ ಹಳ್ಳಿಯಲ್ಲಿ ಸೋರುವ ಫ್ಲಶ್ ಟ್ಯಾಂಕ್ ನೀರಿನ ನಷ್ಟ ಮಾತ್ರವಲ್ಲ, ಕುಡಿಯುವ ಬಾವಿಗೂ ಕುತ್ತು.

ಟ್ಯಾಂಕಿನೊಳಗೆ ಇರುವುದು ಎರಡೇ ಬಾಗಿಲು

ಮುಚ್ಚಳ ತೆಗೆಯಲು ಹೆದರಬೇಡಿ. ಅದರೊಳಗೆ ಇರುವುದು ನಲ್ಲಿಯಿಂದ ಬಂದ ಶುದ್ಧ ನೀರೇ. ಕರೆಂಟೂ ಇಲ್ಲ. ನೀರು ಒಳಗೆ ಬರಲು ಒಂದು ಬಾಗಿಲು, ಹೊರಗೆ ಹೋಗಲು ಒಂದು ಬಾಗಿಲು. ಬರುವ ಬಾಗಿಲನ್ನು ಮುಚ್ಚುವುದು ಫ್ಲೋಟ್. ಹಳೆಯದರಲ್ಲಿ ಕಡ್ಡಿಯ ತುದಿಗೆ ಚೆಂಡಿನಂಥದ್ದು ಇರುತ್ತದೆ, ಹೊಸದರಲ್ಲಿ ಕಂಬದ ಮೇಲೆ ಜಾರುವ ಸಣ್ಣ ಪ್ಲಾಸ್ಟಿಕ್ ಡಬ್ಬಿ. ನೀರು ಏರಿದಂತೆ ಅದೂ ಏರಿ ವಾಲ್ವ್ ಮುಚ್ಚುತ್ತದೆ. ಹೊರಗೆ ಹೋಗುವ ಬಾಗಿಲು ಟ್ಯಾಂಕಿನ ತಳದಲ್ಲಿದೆ. ಬಟನ್ ಒತ್ತಿದಾಗ ಅದು ಮೇಲೇಳುತ್ತದೆ, ಬಿಟ್ಟಾಗ ಕೂರುತ್ತದೆ. ಅದರ ಅಡಿಗೆ ಇರುವ ರಬ್ಬರ್ ವಾಷರ್ ನೀರನ್ನು ತಡೆಯುತ್ತದೆ. ಇವೆರಡರ ನಡುವೆ ನಿಂತಿರುವ ಓವರ್‌ಫ್ಲೋ ಪೈಪ್ ಟ್ಯಾಂಕ್ ತುಂಬಿ ಚೆಲ್ಲದಂತೆ ಹೆಚ್ಚಾದ ನೀರನ್ನು ಕಮೋಡಿಗೆ ಇಳಿಸುತ್ತದೆ.

ಟ್ಯಾಂಕ್ ತುಂಬುತ್ತಲೇ ಇದೆ ಎಂದರೆ ಈ ಎರಡು ಬಾಗಿಲುಗಳಲ್ಲಿ ಒಂದು ಸರಿಯಾಗಿ ಮುಚ್ಚುತ್ತಿಲ್ಲ. ಯಾವುದು ಎಂದು ತಿಳಿಯಲು ಹೀಗೆ ಮಾಡಿ.

1. ಮುಚ್ಚಳ ತೆಗೆದು ನೋಡಿ. ನೀರು ಓವರ್‌ಫ್ಲೋ ಪೈಪಿನ ಬಾಯಿಯವರೆಗೆ ಬಂದು ಅದರೊಳಗೆ ಇಳಿಯುತ್ತಿದ್ದರೆ ತಪ್ಪು ಇರುವುದು ಫ್ಲೋಟ್ ಕಡೆ.

2. ನೀರು ಅದಕ್ಕಿಂತ ಕೆಳಗೇ ಇದ್ದು, ಆದರೂ ಆಗಾಗ ತುಂಬುತ್ತಿದ್ದರೆ ತಳದ ವಾಷರ್ ಮೇಲೆ ಅನುಮಾನ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಟ್ಯಾಂಕಿಗೆ ಬಿಡಿ. ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡಬಾರದು. ಕಮೋಡಿನ ನೀರು ನೀಲಿಯಾದರೆ ವಾಷರ್ ಸೋರುತ್ತಿದೆ.

3. ಎಷ್ಟು ಸೋರುತ್ತಿದೆ ಎಂದು ತಿಳಿಯಬೇಕೇ? ಗೋಡೆಯ ಬದಿಯ ಆಂಗಲ್ ಕಾಕ್ ಮುಚ್ಚಿ, ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಹತ್ತು ನಿಮಿಷ ಕಳೆದ ಮೇಲೆ ಅಳತೆಯ ಲೋಟದಿಂದ ಗೆರೆಯವರೆಗೆ ನೀರು ತುಂಬಿ. ಹಿಡಿದಷ್ಟನ್ನು 144ರಿಂದ ಗುಣಿಸಿದರೆ ಒಂದು ದಿನದ ನಷ್ಟ ಸಿಗುತ್ತದೆ. ಸೋರಿಕೆ ತೀರಾ ಕಡಿಮೆ ಇದ್ದರೆ ಒಂದು ಗಂಟೆ ಕಾದು 24ರಿಂದ ಗುಣಿಸಿ.

ರಿಪೇರಿಯೂ ಕಷ್ಟವಲ್ಲ. ಫ್ಲೋಟ್ ಕಡೆಯ ತೊಂದರೆಯಾದರೆ ಮೊದಲು ಅದು ಟ್ಯಾಂಕಿನ ಗೋಡೆಗೆ ತಾಗಿ ಸಿಕ್ಕಿಕೊಂಡಿದೆಯೇ ನೋಡಿ. ಹಳೆಯ ಹಿತ್ತಾಳೆ ಕಡ್ಡಿಯಾದರೆ ಸ್ವಲ್ಪ ಕೆಳಗೆ ಬಗ್ಗಿಸಿ. ಹೊಸದಾದರೆ ಪಕ್ಕದಲ್ಲಿ ತಿರುಗಿಸುವ ಸ್ಕ್ರೂ ಅಥವಾ ಕಡ್ಡಿ ಇರುತ್ತದೆ, ಅದರಿಂದ ಫ್ಲೋಟನ್ನು ಕೆಳಗಿಳಿಸಿ. ನೀರು ಓವರ್‌ಫ್ಲೋ ಪೈಪಿನ ಬಾಯಿಗಿಂತ ಒಂದು ಇಂಚು ಕೆಳಗೆ ನಿಲ್ಲಬೇಕು. ಆದರೂ ನಿಲ್ಲದಿದ್ದರೆ ವಾಲ್ವಿನೊಳಗೆ ಮರಳು ಅಥವಾ ಕೆಂಪು ಕಸ ಕೂತಿರುತ್ತದೆ. ಆಂಗಲ್ ಕಾಕ್ ಮುಚ್ಚಿ ವಾಲ್ವಿನ ತಲೆ ಬಿಚ್ಚಿ, ಒಳಗಿನ ಜಾಲರಿಯನ್ನೂ ಸಣ್ಣ ರಬ್ಬರನ್ನೂ ತೊಳೆದು ಹಾಕಿ. ಬಾವಿಯ ನೀರನ್ನು ನೇರವಾಗಿ ಟ್ಯಾಂಕಿಗೆ ಎತ್ತುವ ಮನೆಗಳಲ್ಲಿ ಹೆಚ್ಚಾಗಿ ಇದೇ ಕಾರಣ.

ತಳದ ವಾಷರ್ ಸೋರುತ್ತಿದ್ದರೆ ಆಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ. ಈಗಿನ ಬಹುತೇಕ ಪ್ಲಾಸ್ಟಿಕ್ ಸೆಟ್‌ಗಳಲ್ಲಿ ನಡುವಿನ ಕಂಬವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಮೇಲೆ ಬರುತ್ತದೆ. ಅಡಿಯಲ್ಲಿರುವ ರಬ್ಬರ್ ಉಂಗುರವನ್ನೂ ಅದು ಕೂರುವ ಜಾಗವನ್ನೂ ಬಟ್ಟೆಯಿಂದ ಒರೆಸಿ. ಎಷ್ಟೋ ಸಲ ಇಷ್ಟಕ್ಕೇ ಸೋರಿಕೆ ನಿಲ್ಲುತ್ತದೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಾದರೆ ರಬ್ಬರ್ ಮೇಲೆ ಬಿಳಿ ಸುಣ್ಣ ಕಟ್ಟಿರುತ್ತದೆ. ಅದನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ನೆನೆಸಿಟ್ಟು ಉಜ್ಜಿ. ರಬ್ಬರ್ ಗಟ್ಟಿಯಾಗಿದ್ದರೆ, ಸೊಟ್ಟಗಾಗಿದ್ದರೆ, ಬೆರಳಿಗೆ ಕಪ್ಪು ಅಂಟಿದರೆ ಹೊಸದು ಹಾಕಿ. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅಳತೆ ಬಾಯಲ್ಲಿ ಹೇಳಲು ಆಗುವುದಿಲ್ಲ. ಬಟನ್ ಒತ್ತಿದಲ್ಲೇ ಸಿಕ್ಕಿಕೊಂಡು ವಾಲ್ವ್ ಮೇಲೆದ್ದೇ ಇದ್ದರೂ ನೀರು ಹೋಗುತ್ತದೆ, ಅದನ್ನೂ ಒಮ್ಮೆ ನೋಡಿ.

ಮೂರು ಎಚ್ಚರಿಕೆ. ಪ್ಲಾಸ್ಟಿಕ್ ನಟ್‌ಗಳನ್ನು ಕೈಯಿಂದಲೇ ಬಿಗಿ ಮಾಡಿ, ಸ್ಪ್ಯಾನರ್ ಹಾಕಿ ತಿರುವಿದರೆ ಸೀಳುತ್ತವೆ. ಟ್ಯಾಂಕಿನೊಳಗೆ ಆಸಿಡ್ ಹಾಕಬೇಡಿ, ಕ್ಲೋರಿನ್ ಇರುವ ಗುಳಿಗೆಯೂ ಬೇಡ, ರಬ್ಬರ್ ಬೇಗ ಕೊಳೆಯುತ್ತದೆ. ನೀರು ಉಳಿಸಲು ಇಟ್ಟಿಗೆಯನ್ನೋ ಮುರಕಲ್ಲಿನ ತುಂಡನ್ನೋ ಒಳಗೆ ಇಡಬೇಡಿ, ಅದರ ಪುಡಿ ಉದುರಿ ವಾಷರ್ ಅಡಿಗೆ ಸೇರುತ್ತದೆ. ಇಡಲೇಬೇಕಿದ್ದರೆ ನೀರು ತುಂಬಿ ಮುಚ್ಚಿದ ಬಾಟಲಿ ಇಡಿ.

ಇಷ್ಟು ಸುಲಭವಾದರೆ ಯಾಕೆ ಯಾರೂ ಮಾಡುವುದಿಲ್ಲ?

ಜನ ಸೋಮಾರಿಗಳು ಎಂದು ಹೇಳಿ ಮುಗಿಸುವುದು ಸುಲಭ. ನಾನು ಒಪ್ಪುವುದಿಲ್ಲ. ತೆಂಗಿನ ತೋಟದ ಪೈಪ್ ಒಡೆದರೆ ಅರ್ಧ ಗಂಟೆಯಲ್ಲಿ ಸರಿ ಮಾಡುವ ಜನ ನಾವು. ಪಂಪಿನ ಫುಟ್‌ವಾಲ್ವ್ ಬಿಚ್ಚುವುದು ಗೊತ್ತು, ಡ್ರಿಪ್ ಪೈಪ್ ಜೋಡಿಸುವುದು ಗೊತ್ತು. ಫ್ಲಶ್ ಟ್ಯಾಂಕ್ ಮಾತ್ರ ನಮ್ಮದಲ್ಲ ಎಂದು ಬಿಟ್ಟಿದ್ದೇವೆ. ಅದಕ್ಕೆ ನನಗೆ ಕಾಣುವ ಕಾರಣ ನಾಲ್ಕು.

ಒಂದು, ಟಾಯ್ಲೆಟ್ ಎಂಬ ಹೇಸಿಗೆ. ಅಲ್ಲಿ ಕೈ ಹಾಕುವುದು ಯಾರದ್ದೋ ಕೆಲಸ ಎಂಬ ಹಳೆಯ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಟ್ಯಾಂಕಿನ ನೀರು ಶುದ್ಧ ಎಂದು ಗೊತ್ತಿದ್ದರೂ ಕೈ ಹಿಂದೆ ಸರಿಯುತ್ತದೆ. ಇದರ ಬೇರು ಜಾತಿಯಲ್ಲಿದೆ ಎಂಬುದನ್ನು ಮುಚ್ಚಿಡುವುದೇಕೆ?

ಎರಡು, ಪ್ಲಂಬರ್ ಬರುವುದಿಲ್ಲ. ಹೊಸ ಮನೆಯ ಕೆಲಸ ಬಿಟ್ಟು ಒಂದು ವಾಷರ್‌ಗಾಗಿ ಬಂದರೆ ಅವರಿಗೆ ದಿನದ ಕೂಲಿ ಹುಟ್ಟುವುದಿಲ್ಲ. ಬಂದರೂ ‘ಇಡೀ ಸೆಟ್ ಬದಲಾಯಿಸಿ’ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿಯೇ, ಮತ್ತೆ ಮತ್ತೆ ಬರುವುದು ತಪ್ಪುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತಾರು ರೂಪಾಯಿಯ ಕೆಲಸಕ್ಕೆ ನೂರಾರು ರೂಪಾಯಿ ಹೋಯಿತು.

ಮೂರು, ಬಾಡಿಗೆ ಮನೆ. ಕಾವೂರಿನಂಥ ಕಡೆ ಇರುವ ನಮ್ಮಂಥವರದು ಇದೇ ಕತೆ. ಮಾಲೀಕರು ‘ಬಳಸುವವರು ನೀವು’ ಎನ್ನುತ್ತಾರೆ, ಬಾಡಿಗೆಯವರು ‘ಮನೆ ನಿಮ್ಮದು’ ಎನ್ನುತ್ತಾರೆ. ಈ ಹಗ್ಗಜಗ್ಗಾಟದಲ್ಲಿ ಯಾರಾದರೂ ಆಂಗಲ್ ಕಾಕ್ ಮುಚ್ಚಿ ಬಕೆಟ್ ಇಟ್ಟುಬಿಡುತ್ತಾರೆ. ನೀರು ಉಳಿಸಲು ಅದೂ ಒಂದು ದಾರಿಯೇ. ಆದರೆ ಅತಿಥಿ ಬಂದು ಕಾಕ್ ತೆರೆದು ಹೋದರೆ ಮತ್ತೆ ಶುರು.

ನಾಲ್ಕು, ನೀರಿಗೆ ಅಳತೆ ಇಲ್ಲ. ಹಳ್ಳಿಯಲ್ಲಿ ತಿಂಗಳಿಗೆ ಇಷ್ಟು ಎಂದು ಒಂದೇ ದರ ಕಟ್ಟುವವರಿಗೆ 8,000 ಲೀಟರ್ ಸೋರಿದರೂ ಬಿಲ್ಲು ಅಷ್ಟೇ. ಮೀಟರ್ ಇದ್ದ ಕಡೆ ಮಾತ್ರ ಈ ಕಳ್ಳ ಸಿಕ್ಕಿಬೀಳುತ್ತಾನೆ.

ಸೋರದ ಟ್ಯಾಂಕ್ ಕೂಡ ಇತ್ತು

ತಪ್ಪು ಬಳಸುವವರದು ಮಾತ್ರವಲ್ಲ ಎನ್ನಲು ಇನ್ನೊಂದು ಕಾರಣವಿದೆ. ಹಳೆಯ ಸರ್ಕಾರಿ ಕಟ್ಟಡಗಳಲ್ಲಿ, ರೈಲ್ವೆ ಕ್ವಾರ್ಟರ್ಸ್‌ಗಳಲ್ಲಿ ಗೋಡೆಯ ಎತ್ತರಕ್ಕೆ ಕೂರಿಸಿದ ಎರಕದ ಕಬ್ಬಿಣದ ಟ್ಯಾಂಕ್ ನೋಡಿರಬಹುದು, ಎಳೆಯಲು ಒಂದು ಸರಪಳಿ. ಅದು ಸೈಫನ್ ಪದ್ಧತಿಯದು. ನೀರು ಒಂದು ಬಾಗಿದ ಕೊಳವೆಯನ್ನು ಹತ್ತಿ ಇಳಿಯಬೇಕು, ತಾನಾಗಿ ಹತ್ತುವುದಿಲ್ಲ. ತಳದಲ್ಲಿ ತೂತನ್ನು ಮುಚ್ಚಿ ಕೂರುವ ವಾಷರ್ ಇಲ್ಲದ ಕಾರಣ ವಾಷರ್ ಸವೆದು ಸೋರುವ ಪ್ರಶ್ನೆಯೇ ಇಲ್ಲ.

ಈ ಪದ್ಧತಿ ಹುಟ್ಟಿ ಬೆಳೆದ ಬ್ರಿಟನ್ನಿನಲ್ಲಿ ನೀರು ಪೋಲಾಗಬಾರದು ಎಂದೇ ಬಹಳ ಕಾಲ ಸೈಫನ್ ಟ್ಯಾಂಕನ್ನು ಮಾತ್ರ ಬಳಸಬೇಕಿತ್ತು. 1999ರಲ್ಲಿ ನಿಯಮ ಬದಲಾಗಿ, 2001ರಿಂದ ಈಗ ನಮ್ಮಲ್ಲಿರುವಂಥ ಬಟನ್ ವಾಲ್ವ್‌ಗಳಿಗೆ ಅಲ್ಲಿ ಅವಕಾಶ ಸಿಕ್ಕಿತು. ಸಲೀಸಾಗಿ ಒತ್ತಬಹುದು, ಸಣ್ಣದು ದೊಡ್ಡದು ಎಂದು ಎರಡು ಬಗೆಯ ಫ್ಲಶ್ ಮಾಡಬಹುದು ಎಂಬ ಲಾಭ ಇತ್ತು. ಜೊತೆಗೆ ಸೋರುವ ಟಾಯ್ಲೆಟ್ ಎಂಬ ಹೊಸ ತಲೆನೋವು ಅಲ್ಲಿನ ನೀರು ಕಂಪನಿಗಳಿಗೆ ಶುರುವಾಯಿತು. ಈಗ ಅವೇ ಕಂಪನಿಗಳು ಜನರಿಗೆ ಸೋರಿಕೆ ಪತ್ತೆ ಮಾಡುವುದನ್ನು ಹೇಳಿಕೊಡುತ್ತಿವೆ.

ನಾವು ಸರಪಳಿ ಟ್ಯಾಂಕಿಗೆ ಮರಳಬೇಕು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಒಂದು ಸಲಕ್ಕೆ ಹತ್ತು ಲೀಟರ್‌ಗಿಂತ ಹೆಚ್ಚು ನೀರು ಬೇಕಿತ್ತು, ಈಗಿನ ಎರಡು ಬಟನ್ನಿನದಕ್ಕೆ ಮೂರು ಅಥವಾ ಆರು ಲೀಟರ್ ಸಾಕು. ಆದರೆ ವಾಷರ್ ಮೇಲೆ ನಿಂತಿರುವ ಸಾಮಾನು ಮಾರಿದ ಮೇಲೆ ವಾಷರ್ ಬಿಡಿಯಾಗಿ ಸಿಗಬೇಕು. ಟ್ಯಾಂಕ್ ಕೊಳ್ಳುವಾಗಲೇ ಐಎಸ್‌ಐ ಗುರುತು ನೋಡಿ, ‘ಇದರ ವಾಷರ್ ಬಿಡಿಯಾಗಿ ಇದೆಯೇ’ ಎಂದು ಕೇಳಿ. ಇಲ್ಲ ಎಂದರೆ ಆ ಟ್ಯಾಂಕ್ ಬೇಡ ಎನ್ನಿ. ಹತ್ತು ಗಿರಾಕಿಗಳು ಹೀಗೆ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಅಂಗಡಿಯಲ್ಲಿ ವಾಷರ್ ಇರುತ್ತದೆ.

ಇನ್ನೂ ಒಂದು ಮಾತು ಹೇಳಬೇಕು. ಇಂಗುಗುಂಡಿ ಇರುವ ಮನೆಗೆ ಫ್ಲಶ್ ಟ್ಯಾಂಕ್ ನಿಜವಾಗಿ ಬೇಕೇ? ಮೊಣಕಾಲು ನೋವಿನ ಅಜ್ಜಿ, ಅಜ್ಜ, ಅಂಗವಿಕಲರು, ಬಾಣಂತಿಯರು ಇರುವ ಮನೆಗೆ ಕಮೋಡೂ ಬೇಕು, ಕೈಗೆಟಕುವ ಬಟನ್ನೂ ಬೇಕು. ಅದರಲ್ಲಿ ಎರಡು ಮಾತಿಲ್ಲ. ಉಳಿದವರಿಗೆ ಬಕೆಟ್ ಮತ್ತು ಚೆಂಬು ಹಿಂದುಳಿದವರ ಲಕ್ಷಣ ಅಲ್ಲ. ಅದು ಸೋರುವುದಿಲ್ಲ, ಕೆಡುವುದಿಲ್ಲ, ಗುಂಡಿಯನ್ನೂ ಕೆಡಿಸುವುದಿಲ್ಲ. ನೆಂಟರಿಗೆ ತೋರಿಸಲು ಟ್ಯಾಂಕ್ ಹಾಕಿಸಿ ಬಾವಿ ಕೆಡಿಸಿಕೊಳ್ಳುವುದು ಯಾವ ಜಾಣತನ?

ಪಂಚಾಯಿತಿ ಏನು ಮಾಡಬಹುದು

ಮನೆಯವರು ಮಾಡಬೇಕಾದ್ದನ್ನು ಹೇಳಿದೆ. ಊರಾಗಿ ಮಾಡಬೇಕಾದ್ದೂ ಇದೆ.

ಮೊದಲನೆಯದಾಗಿ, ಫೆಬ್ರವರಿಯಲ್ಲಿ ಒಂದು ವಾರ ಸೋರಿಕೆ ಹುಡುಕುವ ಕೆಲಸ ಆಗಲಿ. ಸ್ವಸಹಾಯ ಸಂಘದ ಮಹಿಳೆಯರು, ನೀರುಗಂಟಿ, ಕಾಲೇಜು ಮಕ್ಕಳು ಮನೆಮನೆಗೆ ಹೋಗಿ ನೀಲಿ ಹನಿ ಬಿಟ್ಟು ನೋಡಲಿ. ದಂಡ ಹಾಕಲು ಅಲ್ಲ, ಹೇಳಿಕೊಡಲು. ಸೋರುವ ಮನೆಗಳ ಲೆಕ್ಕ ಗ್ರಾಮಸಭೆಯಲ್ಲಿ ಓದಲಿ, ಹೆಸರು ಬೇಡ, ಸಂಖ್ಯೆ ಸಾಕು.

ಎರಡನೆಯದಾಗಿ, ಮನೆಗಳಿಗಿಂತ ಮೊದಲು ಶಾಲೆ, ಅಂಗನವಾಡಿ, ಹಾಸ್ಟೆಲ್, ಬಸ್ ನಿಲ್ದಾಣ, ಪಂಚಾಯಿತಿ ಕಚೇರಿ, ಸಮುದಾಯ ಭವನಗಳ ಟಾಯ್ಲೆಟ್ ನೋಡಲಿ. ಎಲ್ಲರದೂ ಆದದ್ದು ಯಾರದೂ ಅಲ್ಲ ಎಂಬುದು ಅಲ್ಲಿ ಎದ್ದು ಕಾಣುತ್ತದೆ. ನೀರು ಖಾಲಿಯಾಯಿತು ಎಂದು ಶಾಲೆಯ ಟಾಯ್ಲೆಟ್‌ಗೆ ಬೀಗ ಬಿದ್ದರೆ ಮೊದಲು ಕಷ್ಟ ಪಡುವವರು ಹೆಣ್ಣುಮಕ್ಕಳು. ಆ ಟ್ಯಾಂಕ್ ಖಾಲಿಯಾದದ್ದು ರಾತ್ರಿಯಿಡೀ ಸೋರಿದ ಒಂದು ವಾಷರ್‌ನಿಂದ ಇರಬಹುದು.

ಮೂರನೆಯದಾಗಿ, ರಿಪೇರಿ ಕಲಿತವರು ಊರಿನಲ್ಲೇ ಇರಲಿ. ಜಲ ಜೀವನ ಮಿಷನ್ ಅಡಿಯಲ್ಲಿ ‘ನಲ್ ಜಲ್ ಮಿತ್ರ’ ಎಂದು ಹಳ್ಳಿಯವರಿಗೇ ಪ್ಲಂಬಿಂಗ್, ಪಂಪ್ ರಿಪೇರಿ ಕಲಿಸುವ ಕಾರ್ಯಕ್ರಮ ಇದೆ. ಅದರಲ್ಲಿ ಮನೆಯೊಳಗಿನ ಫ್ಲಶ್ ಟ್ಯಾಂಕ್ ರಿಪೇರಿಯೂ ಒಂದು ಪಾಠವಾಗಲಿ, ಹೆಣ್ಣುಮಕ್ಕಳಿಗೂ ಅದರಲ್ಲಿ ಜಾಗ ಸಿಗಲಿ. ಹಗಲು ಹೊತ್ತು ಮನೆಯಲ್ಲಿ ಹೆಂಗಸರಷ್ಟೇ ಇರುವಾಗ ರಿಪೇರಿಗೆ ಒಬ್ಬ ಹೆಂಗಸು ಬಂದರೆ ಬಾಗಿಲು ಬೇಗ ತೆರೆಯುತ್ತದೆ. ಹತ್ತು ಮನೆಯ ಕೆಲಸ ಒಂದೇ ದಿನ ಸಿಕ್ಕರೆ ಅವರಿಗೂ ಕೂಲಿ ಹುಟ್ಟುತ್ತದೆ.

ನಗರದವರಿಗೂ ಇದೇ ಮಾತು. ತುಂಬೆಯಲ್ಲಿ ನೀರು ಎಷ್ಟು ಮೀಟರ್ ಉಳಿದಿದೆ ಎಂದು ಬೇಸಿಗೆಯಲ್ಲಿ ಪತ್ರಿಕೆಗಳು ಬರೆಯುತ್ತವೆ. ಅದರ ಪಕ್ಕದಲ್ಲೇ ‘ನಿಮ್ಮ ಫ್ಲಶ್ ಟ್ಯಾಂಕ್ ನೋಡಿದಿರಾ’ ಎಂದು ಎರಡು ಸಾಲು ಹಾಕಿದರೆ ಖರ್ಚೇನೂ ಇಲ್ಲ. ನೀರಿನ ಬಿಲ್ಲಿನ ಹಿಂಬದಿಯಲ್ಲಿ ನೀಲಿ ಹನಿಯ ಪರೀಕ್ಷೆಯನ್ನು ಅಚ್ಚು ಹಾಕಬಹುದು.

‘ರಸ್ತೆಯಲ್ಲಿ ದೊಡ್ಡ ಪೈಪ್ ಒಡೆದು ವಾರಗಟ್ಟಲೆ ನೀರು ಹರಿಯುತ್ತದೆ, ಕಾರ್ಖಾನೆಗಳು ಕೋಟಿಗಟ್ಟಲೆ ಲೀಟರ್ ಬಳಸುತ್ತವೆ, ಬಡವರ ವಾಷರ್ ಮೇಲೆ ಯಾಕೆ ಕಣ್ಣು’ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾವೂರಿನ ಘಟಕದಂಥ ಕಡೆ ಸಂಸ್ಕರಿಸಿದ ನೀರನ್ನು ಕಾರ್ಖಾನೆಗಳಿಗೆ ಕೊಟ್ಟು ನದಿಯ ನೀರನ್ನು ಜನರಿಗೆ ಉಳಿಸಬೇಕು ಎಂದು ಕೇಳುತ್ತಲೇ ಇರೋಣ. ಒಡೆದ ಪೈಪಿನ ಫೋಟೊ ತೆಗೆದು ಅಧಿಕಾರಿಗಳಿಗೆ ಕಳಿಸುತ್ತಲೇ ಇರೋಣ. ಆದರೆ ರಸ್ತೆಯ ಪೈಪ್ ಒಡೆದರೆ ನೂರು ಜನ ನೋಡುತ್ತಾರೆ. ನಿಮ್ಮ ಮನೆಯ ಟ್ಯಾಂಕಿನ ಸೋರಿಕೆಯನ್ನು ನೀವಲ್ಲದೆ ಜಗತ್ತಿನಲ್ಲಿ ಇನ್ನಾರೂ ನೋಡಲಾರರು. ನಮ್ಮ ಮನೆಯ ಲೆಕ್ಕ ಸರಿಯಿದ್ದರೆ ಪಾಲಿಕೆಯನ್ನೋ ಪಂಚಾಯಿತಿಯನ್ನೋ ಪ್ರಶ್ನೆ ಕೇಳುವಾಗ ಧ್ವನಿ ಗಟ್ಟಿ ಇರುತ್ತದೆ.

ಈ ಭಾನುವಾರ ಬಟ್ಟೆ ಒಗೆಯುವಾಗ ನೀಲಿ ಬಾಟಲಿ ಕೈಗೆ ಸಿಕ್ಕರೆ ನಾಲ್ಕು ಹನಿ ಫ್ಲಶ್ ಟ್ಯಾಂಕಿಗೂ ಬಿಡಿ. ಇಪ್ಪತ್ತು ನಿಮಿಷ ಬಿಟ್ಟು ಹೋಗಿ ನೋಡಿ. ನೀರು ಬೆಳ್ಳಗೇ ಇದ್ದರೆ ಒಳ್ಳೆಯದು, ಪಕ್ಕದ ಮನೆಯವರಿಗೂ ಹೇಳಿ. ನೀಲಿಯಾಗಿದ್ದರೆ ವಾಷರ್ ಬಿಚ್ಚಿ ಜೇಬಿನಲ್ಲಿ ಹಾಕಿಕೊಳ್ಳಿ, ಸೋಮವಾರ ಪೇಟೆಗೆ ಹೋದಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಎರಡು ತನ್ನಿ. ಒಂದು ಈಗಕ್ಕೆ, ಇನ್ನೊಂದು ಮುಂದಕ್ಕೆ.